ಶಟರಿನ ದೂರು ಹಿಡಿದು ಟೋಕಿಯೊಗೆ

ಹೊರಡುವ ಮೊದಲು

ಜಪಾನಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಚೆರ್ರಿ ಹೂವು ನೋಡಿದಿರಾ ಎಂದು. ನೋಡಲಿಲ್ಲ. ನಾನು ಹೋದದ್ದು ಹೂವಿನ ಕಾಲದಲ್ಲಿ ಅಲ್ಲ, ಹೂವಿಗಾಗಿಯೂ ಅಲ್ಲ. ನನ್ನ ಕ್ಯಾಮರಾದ ಮೇಲೆ ಒಂದು ದೂರು ಬಂದಿತ್ತು. ಆ ದೂರು ಶುದ್ಧ ಸುಳ್ಳು ಎಂದು ಸಾಧಿಸಲು ಹೋಗಿದ್ದೆ.

ಮಂಗಳೂರಿನ ಕುದ್ರೋಳಿಯಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಗೃಹಪ್ರವೇಶ, ಸೀಮಂತ, ಪಾಸ್‌ಪೋರ್ಟಿನ ಫೋಟೊ, ಯಾವುದಕ್ಕೂ ಇಲ್ಲ ಎನ್ನುವವನಲ್ಲ. ಆದರೆ ಹೆಸರು ಬಂದದ್ದು ಚರ್ಚಿನ ಮದುವೆಗಳಿಂದ. ಬಿಲ್ಲವರ ಮನೆಯವನಿಗೆ ಚರ್ಚಿನೊಳಗೆ ಹೆಸರು ಬರಲು ಕಾರಣ ಕೈಯಲ್ಲಿದ್ದ ಒಂದು ಹಳೆಯ ರೇಂಜ್‌ಫೈಂಡರ್ ಕ್ಯಾಮರಾ. ಅದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಮೂಲೆಯ ಪುಟ್ಟ ಕಿಟಕಿಯಲ್ಲಿ ಎರಡು ಬಿಂಬ ಕಾಣುತ್ತವೆ, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಆಯಿತು. ಒಳಗೆ ಕನ್ನಡಿ ಎದ್ದು ಬೀಳುವ ಗಲಾಟೆ ಇಲ್ಲ. ಬೇರೆಯವರ ಕ್ಯಾಮರಾ ಅಂಗಡಿಯ ಬಾಗಿಲು ಎಳೆದ ಹಾಗೆ ಸದ್ದು ಮಾಡುತ್ತಿದ್ದ ಕಾಲದಲ್ಲಿ ನನ್ನದು ಬಟ್ಟೆಯ ಶಟರ್, 'ಚಪ್' ಎಂದು ಸರಿದು ಸುಮ್ಮನಾಗುತ್ತಿತ್ತು.

ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಬಲಿಪೂಜೆಯ ನಡುವೆ ಫಾದರ್ ಮೊದಲು ರೊಟ್ಟಿಯನ್ನೂ ಆಮೇಲೆ ಪಾತ್ರೆಯನ್ನೂ ಎತ್ತಿ ಹಿಡಿಯುವ ಗಳಿಗೆ ಬರುತ್ತದೆ. ಇಡೀ ಚರ್ಚು ಮೊಣಕಾಲೂರಿ ಕೂತಿರುತ್ತದೆ, ಕೆಮ್ಮು ಬಂದವರೂ ನುಂಗಿಕೊಳ್ಳುತ್ತಾರೆ. ಆಗ ಪೀಠದ ಬದಿಯಲ್ಲಿ ಒಂದು ಕೈಗಂಟೆ ಅಲ್ಲಾಡುತ್ತದೆ. ನಾನು ಆ ಗಂಟೆಯ ಒಳಗೆ ಶಟರ್ ಒತ್ತುತ್ತಿದ್ದೆ, ಗಂಟೆಗೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನನ್ನ 'ಚಪ್' ಗಂಟೆಯಲ್ಲಿ ಕರಗಿ ಹೋಗುತ್ತಿತ್ತು. ಹಳೆಯ ಫಾದರ್ ಒಬ್ಬರು ಇದನ್ನು ಗಮನಿಸಿ, ಈ ಸದಾಶಿವ ಒಬ್ಬ ಮಾತ್ರ ಕಂಬದ ಪಕ್ಕ ನಿಲ್ಲಬಹುದು, ಉಳಿದವರೆಲ್ಲ ಹೊರಗೆ ಎಂದು ಹೇಳಿದರು. ಆ ಕಂಬದ ಜಾಗ ಅಂದಿನಿಂದ ನನ್ನದೇ ಆಗಿತ್ತು.

ಫಿಲ್ಮಿನ ಕಾಲ ಮುಗಿದ ಮೇಲೆ ಅದೇ ವಂಶದ ಡಿಜಿಟಲ್ ಕ್ಯಾಮರಾ ಕೊಂಡೆ. ನೋಡಲಿಕ್ಕೆ ಅಜ್ಜನ ಪಡಿಯಚ್ಚು. ಫಿಲ್ಮ್ ಹಾಕುತ್ತಿದ್ದ ಹಾಗೆ ಅಡಿಯ ತಟ್ಟೆ ಬಿಚ್ಚಿಯೇ ಕಾರ್ಡ್ ಹಾಕಬೇಕು. ಒಂದೇ ವ್ಯತ್ಯಾಸ, ಹೆಬ್ಬೆರಳಿನಿಂದ ಎಳೆಯುವ ಲಿವರ್ ಇರಲಿಲ್ಲ. ಪ್ರತಿ ಫೋಟೊ ಆದ ಮೇಲೆ ಶಟರನ್ನು ಮತ್ತೆ ಸಜ್ಜುಗೊಳಿಸಲು ಒಳಗೊಂದು ಪುಟ್ಟ ಮೋಟರ್ ಇತ್ತು. ವರ್ಷಗಟ್ಟಲೆ ಅದರಲ್ಲಿ ದುಡಿದೆ. ಮೊದಮೊದಲು ಮೋಟರಿನ ಸದ್ದು ಸ್ವಲ್ಪ ಇತ್ತು, ಬಳಸುತ್ತ ಬಳಸುತ್ತ ಅದು ಸವೆದು ಮೆತ್ತಗಾಯಿತು, ಈಗ ಇಲ್ಲವೇ ಇಲ್ಲ ಎಂದು ನಾನು ತಿಳಿದಿದ್ದೆ.

ಹೀಗಿರುವಾಗ ಹೊಸ ಫಾದರ್ ಬಂದರು. ಬಂದು ಹೆಚ್ಚು ದಿನ ಆಗಿರಲಿಲ್ಲ, ನನ್ನ ಕ್ಯಾಮರಾ ಪೂಜೆಗೆ ತೊಂದರೆ ಕೊಡುತ್ತದೆ ಎಂದು ಹೇಳಿಕಳಿಸಿದರು. ಹೇಳಲು ಬಂದವನು ಲಾರೆನ್ಸ್. ಕೂಳೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯ. ಅವನ ಮದುವೆಯ ಫೋಟೊ ತೆಗೆದವನು ನಾನು, ಅವನ ಮಗಳು ಜೆನಿಟಾಳ ನಾಮಕರಣದ್ದೂ ನಾನೇ, ಅವಳ ಮೊದಲ ಪರಮಪ್ರಸಾದದ್ದೂ ನಾನೇ. ಆ ಡಿಸೆಂಬರಿನಲ್ಲಿ ಅವಳ ಮದುವೆ ಇತ್ತು.

"ಗಂಟೆ ಆದ ಮೇಲೆ ಎಲ್ಲ ಸುಮ್ಮನಿರುವಾಗ ನಿನ್ನ ಕ್ಯಾಮರಾ ಕೀಂಯ್ ಅಂತದಂತೆ ಮಾರಾಯ," ಎಂದ ಲಾರೆನ್ಸ್. "ಸರಿಮಾಡದಿದ್ರೆ ಜೆನಿಟಾನ ಮದುವೆಗೆ ಒಳಗೆ ಬಿಡುವುದಿಲ್ಲ ಅಂತ ಹೇಳಿದ್ದಾರೆ. ನಾನು ಎಂತ ಮಾಡುವುದು ಹೇಳು."

ಕೀಂಯ್ ಅಂತದೆ? ನಾನು ಅವನ ಎದುರಿಗೇ ಕ್ಯಾಮರಾ ಹಿಡಿದು ಒತ್ತಿದೆ. ಚಪ್. ಅಷ್ಟೆ. ಕೇಳಿತಲ್ಲ, ಎಲ್ಲಿ ಕೀಂಯ್ ಎಂದೆ. ಲಾರೆನ್ಸ್ ನನ್ನ ಮುಖ ನೋಡಿದ, ಆಮೇಲೆ ಕಾಫಿ ತಂದ ನನ್ನ ಹೆಂಡತಿ ವಿಮಲಳ ಮುಖ ನೋಡಿದ.

ನನಗೆ ಅಲ್ಲೇ ಸಂಶಯ ಹುಟ್ಟಿತು. ಮೊದಲ ಸಂಶಯ ಫಾದರ್ ಮೇಲೆ: ಅವರಿಗೆ ಬೇಕಾದ ಯಾವನೋ ವಿಡಿಯೊದವನು ಇರಬೇಕು, ಅವನನ್ನು ಕಂಬದ ಪಕ್ಕ ನಿಲ್ಲಿಸಲು ಈ ಆಟ. ಎರಡನೆಯದು ಗಂಟೆಯವರ ಮೇಲೆ: ಈಗೀಗ ಅವರು ಗಂಟೆಯನ್ನು ಸರಿಯಾಗಿ ಬಾರಿಸುವುದೇ ಇಲ್ಲ, ಸುಮ್ಮನೆ ಅಲ್ಲಾಡಿಸುತ್ತಾರೆ, ಅದರೊಳಗೆ ಯಾರಾದರೂ ಕ್ಲಿಕ್ ಮಾಡುವುದು ಹೇಗೆ? ಮೂರನೆಯದು ಲಾರೆನ್ಸ್ ಮೇಲೆಯೇ. ಹಿಂದೆಲ್ಲ ಏನಿದ್ದರೂ ಫೋನಿನಲ್ಲೇ ಮುಗಿಸುತ್ತಿದ್ದವನು ಈಚೆಗೆ ಪ್ರತಿಯೊಂದಕ್ಕೂ ಸ್ಕೂಟರ್ ಹಾಕಿಕೊಂಡು ಕುದ್ರೋಳಿಗೆ ಬರುತ್ತಿದ್ದ. ಅವನ ಮನಸ್ಸಿನಲ್ಲಿ ಏನೋ ಇದೆ ಎಂದುಕೊಂಡೆ. ವಿಮಲ ಬೇರೆ ಒಳಕೋಣೆಯಲ್ಲಿ ಫೋನ್ ಹಿಡಿದು ತಮ್ಮನ ಜೊತೆ ಪಿಸುಪಿಸು ಮಾತಾಡುವುದು ಹೆಚ್ಚಾಗಿತ್ತು.

ಆ ತಮ್ಮ ದಿನೇಶ ಟೋಕಿಯೊದ ಒಂದು ಭಾರತೀಯ ಹೋಟೆಲಿನಲ್ಲಿ ಅಡುಗೆಯವನು. ಬನ್ನಿ ಬನ್ನಿ ಎಂದು ಬಹಳ ಕಾಲದಿಂದ ಕರೆಯುತ್ತಿದ್ದ. ಹಳೆಯ ಕ್ಯಾಮರಾಗಳನ್ನು ನೋಡುವವರು, ಮಾರುವವರು ಅಲ್ಲಿ ಓಣಿಗೊಬ್ಬರು ಇದ್ದಾರೆ, ಒಮ್ಮೆ ಅವರಿಗೆ ತೋರಿಸಿ ಎಂದ. ನನ್ನ ಕ್ಯಾಮರಾಕ್ಕೆ ಶಬ್ದವಿಲ್ಲ ಎಂದು ಜಪಾನಿನವನ ಬಾಯಲ್ಲೇ ಹೇಳಿಸಿದರೆ ಫಾದರ್ ಏನು ಮಾಡುತ್ತಾರೆ ನೋಡೋಣ ಎಂದು ಹೊರಟೆ. ವಿಮಲ ಒಂದೇ ಮಾತಿಗೆ ಒಪ್ಪಿ ಚೀಲ ಕಟ್ಟಿದಳು. ಕಾಟಿಪಳ್ಳದ ತಂಗಿಯ ಮನೆಗೆ ಹೋಗಲೂ ನಾಲ್ಕು ಸಲ ಯೋಚಿಸುವವಳು ಜಪಾನಿಗೆ ಹೀಗೆ ಒಪ್ಪಿದ್ದೂ ನನಗೆ ಸರಿ ಕಾಣಲಿಲ್ಲ.

ನಿಶಿ ಕಸಾಯಿ

ದಿನೇಶನ ಮನೆ ನಿಶಿ ಕಸಾಯಿ ಎಂಬಲ್ಲಿ. ಭಾರತದವರು ಬಹಳ ಮಂದಿ ಇರುವ ಜಾಗ. ಕೆಳಗಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಕೇಳಿದೆ, ಇರಲಿಲ್ಲ. ಉಳಿದದ್ದೆಲ್ಲ ಇತ್ತು.

ರೈಲಿನಲ್ಲಿ ಮೊದಲ ಪ್ರಯಾಣದಲ್ಲೇ ನನಗೆ ಆ ಊರಿನ ಮೇಲೆ ಅನುಮಾನ ಬಂತು. ಡಬ್ಬಿ ತುಂಬ ಜನ, ಒಬ್ಬನೂ ಬಾಯಿ ಬಿಡುವುದಿಲ್ಲ. ನಮ್ಮ ಸಿಟಿ ಬಸ್ಸಿನಲ್ಲಿ ಇಷ್ಟು ಜನ ಇದ್ದರೆ ಕಂಡಕ್ಟರಿನ ಸೀಟಿ, ಮೀನಿನ ಬುಟ್ಟಿಯವಳ ಜಗಳ, ಯಾರದೋ ಮನೆಯ ಪಾಲುಪಟ್ಟಿಯ ಸಮಾಚಾರ ಎಲ್ಲ ಕೂಡಿ ಕಂಕನಾಡಿ ಬರುವುದೇ ಗೊತ್ತಾಗುವುದಿಲ್ಲ. ಇಲ್ಲಿ ನಾನು ದಿನೇಶನಲ್ಲಿ ಹೋಟೆಲಿನ ಬಗ್ಗೆ ಏನೋ ಕೇಳಿದ ಕೂಡಲೇ ಎದುರಿನ ಸಾಲಿನವರೆಲ್ಲ ತಲೆ ಎತ್ತಿದರು. ಮೆಲ್ಲ ಮಾತಾಡಿ ಮಾರಾಯ್ರೆ ಎಂದು ವಿಮಲ ತೊಡೆ ಚಿವುಟಿದಳು. ನಾನು ಮೆಲ್ಲಗೇ ಮಾತಾಡಿದ್ದೆ. ವಿದೇಶದವರೆಂದರೆ ಇವರಿಗೆ ಆಗುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಇಷ್ಟು ಮೌನದ ಊರಿನಲ್ಲಿ ಫೋನುಗಳು ಮಾತ್ರ ಮಹಾ ವಾಚಾಳಿಗಳು. ಇಲ್ಲಿ ಮಾರುವ ಫೋನಿನಲ್ಲಿ ಫೋಟೊ ತೆಗೆದರೆ ಶಟರಿನ ಶಬ್ದ ಬಂದೇ ಬರುತ್ತದೆ, ಮುಚ್ಚಿಡಲು ಆಗುವುದಿಲ್ಲ. ಕದ್ದು ಫೋಟೊ ತೆಗೆಯುವವರನ್ನು ತಡೆಯಲು ಹೀಗೆ ಮಾಡಿದ್ದಂತೆ. ಒಂದು ಗುಡಿಯ ಮುಂದೆ ದಿನೇಶ ನಮ್ಮಿಬ್ಬರ ಫೋಟೊ ತೆಗೆದ. ಅದು ದೊಡ್ಡದಾಗಿ ಕಟಕ್ ಎಂದಿತು, ಕೈಮುಗಿದು ನಿಂತಿದ್ದ ಮುದುಕಿಯೊಬ್ಬರು ತಿರುಗಿ ನೋಡಿದರು. ಒಳಗೆ ಶಟರೇ ಇಲ್ಲದ ಫೋನು, ಶಟರಿನ ಶಬ್ದವನ್ನು ಸ್ಪೀಕರಿನಲ್ಲಿ ಹಾಕಿ ಕೇಳಿಸುತ್ತದೆ. ನಮ್ಮ ದೇವಸ್ಥಾನಗಳಲ್ಲಿ ಈಗ ಮಂಗಳಾರತಿಗೆ ಸ್ವಿಚ್ ಹಾಕಿದರೆ ತಾನೇ ನಗಾರಿ ಬಡಿಯುವ, ಜಾಗಟೆ ಬಾರಿಸುವ ಯಂತ್ರ ಬಂದಿದೆಯಲ್ಲ, ಅದಕ್ಕಿಂತಲೂ ಇದು ಒಂದು ಮೆಟ್ಟಲು ಮೇಲೆ. ಆ ಯಂತ್ರದಲ್ಲಿ ಕೋಲು ಚರ್ಮಕ್ಕಾದರೂ ತಾಗುತ್ತದೆ.

ವಿಮಲ ಆ ದಿನವೆಲ್ಲ ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು. ಪರವೂರು, ಹೆದರಿಕೆ ಇರಬೇಕು ಪಾಪ ಎಂದು ನಾನೂ ಸುಮ್ಮನಿದ್ದೆ. ಗಂಡಸು ಎಂದ ಮೇಲೆ ಅಷ್ಟಾದರೂ ಧೈರ್ಯ ಕೊಡಬೇಕಲ್ಲ.

ಶಿಂಜುಕು

ಮರುದಿನ ಶಿಂಜುಕುವಿನ ಒಂದು ಹಳೆಯ ಕ್ಯಾಮರಾಗಳ ಅಂಗಡಿಗೆ ಹೋದೆವು. ಗಾಜಿನ ಕಪಾಟುಗಳಲ್ಲಿ ಸಾಲು ಸಾಲು ರೇಂಜ್‌ಫೈಂಡರುಗಳು, ಚಿನ್ನದಂಗಡಿಯ ಹಾಗೆ ಕೆಳಗಿನಿಂದ ದೀಪ. ಮಾಲಿಕರ ಹೆಸರು ಮೋರಿ. ಕೈಗೆ ಬಿಳಿಯ ಗವುಸು, ಬಾಯಿಗೆ ಬಿಡುವಿಲ್ಲ, ಮಾತಿಗೊಮ್ಮೆ ಸೊಂಟ ಬಗ್ಗಿಸುತ್ತಾರೆ. ಗ್ರಾಹಕನಿಗೆ ಇಷ್ಟು ಬಗ್ಗುವವನು ಏನನ್ನೋ ಮುಚ್ಚಿಡುತ್ತಿರುತ್ತಾನೆ ಎಂಬುದು ನಮ್ಮ ಊರಿನ ಅನುಭವ. ಅವರ ಮಾತನ್ನು ದಿನೇಶ ನಮಗೆ ಹೇಳುತ್ತಿದ್ದ. ಅವನೂ ಇತ್ತೀಚೆಗೆ ಬಾಯೊಳಗೇ ಗೊಣಗುವ ಅಭ್ಯಾಸ ಮಾಡಿಕೊಂಡಿದ್ದಾನೆ, ಎಲ್ಲವನ್ನೂ ಎರಡೆರಡು ಸಲ ಹೇಳಿಸಬೇಕಾಯಿತು.

ಮೋರಿ ನನ್ನ ಕ್ಯಾಮರಾವನ್ನು ತಿರುಗಿಸಿ ಮುರುಗಿಸಿ ನೋಡಿದರು. ಒತ್ತಿದರು. ಚಪ್. ನನ್ನ ಮುಖದಲ್ಲಿ ಜಯದ ನಗೆ ಬಂದಿರಬೇಕು. ಶಟರ್ ಒಳ್ಳೆಯದಿದೆ, ಮೋಟರಿನ ಶಬ್ದ ಮಾತ್ರ ಈ ಮಾದರಿಯ ಹುಟ್ಟುಗುಣ, ಎಲ್ಲರೂ ದೂರುತ್ತಾರೆ ಎಂದರು. ಬಟ್ಟೆಯ ಶಟರಿನ ಹೆಸರು ಹೇಳಿಕೊಂಡು ಲೋಹದ ಶಟರ್ ಇಟ್ಟರು, ಅದನ್ನು ಎಳೆಯಲು ಮೋಟರ್ ಇಟ್ಟರು, ಹೊರಗಿನ ಆಕಾರ ಮಾತ್ರ ಹಾಗೇ ಇಟ್ಟುಕೊಂಡರು ಎಂದು ನಗಾಡಿದರು.

ಯಾವ ಶಬ್ದ, ಎಲ್ಲಿದೆ ಎಂದು ನಾನು ಕೇಳಿದೆ. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ನನ್ನ ದನಿಗೆ ಹಿಂದೆ ಸರಿದ.

ಮೋರಿಯವರಿಗೆ ಹುರುಪು ಬಂತು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಮೂರು ಕ್ಯಾಮರಾ ಇಟ್ಟರು. ಒಂದು ನನ್ನದು. ಇನ್ನೊಂದು ತೀರ ಹೊಸದು. ಅದರಲ್ಲಿ ಒಳಗೆ ಏನೂ ಅಲ್ಲಾಡುವುದೇ ಇಲ್ಲ, ಪೂರ್ತಿ ಮೌನ. ಬೇಕಾದವರಿಗೆ ಹಳೆಯ ಶಟರಿನ ಶಬ್ದ ಕೇಳಿಸುವ ವ್ಯವಸ್ಥೆ ಬೇರೆ, ಮೂರು ನಮೂನೆಯದು, ಸಣ್ಣದು ದೊಡ್ಡದು ಮಾಡಬಹುದು. ಮೂರನೆಯದು ಇದೇ ದೇಶದಲ್ಲಿ ಬಹಳ ಹಿಂದೆ ಹುಟ್ಟಿದ ಒಂದು ಡಿಜಿಟಲ್ ರೇಂಜ್‌ಫೈಂಡರ್. ಅದರ ತಲೆಯ ಮೇಲೆ ಹಳೆಯ ಗಡಿಯಾರದಂಥ ಮುಳ್ಳುಗಳು, ಬೆನ್ನಿನ ಪರದೆಯನ್ನು ಒಳಮುಖ ಮಾಡಿ ಮಡಚಿಟ್ಟರೆ ಥೇಟ್ ಫಿಲ್ಮ್ ಕ್ಯಾಮರಾ. ಎಲ್ಲಕ್ಕಿಂತ ವಿಚಿತ್ರ, ಅದಕ್ಕೆ ಫಿಲ್ಮ್ ಎಳೆಯುವ ಲಿವರ್ ಇತ್ತು.

ಫಿಲ್ಮೇ ಇಲ್ಲ, ಲಿವರ್ ಯಾಕೆ? ಬಾಗಿಲಿಗೆ ಕಟ್ಟುವ ಪ್ಲಾಸ್ಟಿಕ್ ಮಾವಿನೆಲೆಯ ನೆನಪಾಯಿತು. ಮೋರಿ ಲಿವರ್ ಎಳೆಯದೆ ಒತ್ತಿ ತೋರಿಸಿದರು, ಫೋಟೊ ಬರಲಿಲ್ಲ. ಎಳೆದು ಒತ್ತಿದರು, ಬಂತು. ಇದರಲ್ಲಿ ಮೋಟರ್ ಇಲ್ಲ, ಶಟರನ್ನು ಸಜ್ಜು ಮಾಡುವುದು ನಿಮ್ಮ ಹೆಬ್ಬೆರಳೇ ಎಂದರು. ಒಳಗೆ ಹಾಗೆ ನಾಟಕ ಮಾಡುವ ಒಂದು ಪ್ರೋಗ್ರಾಂ ಇಟ್ಟಿದ್ದರೆ ಗೊತ್ತಾಗುವುದು ಹೇಗೆ ಎಂದು ನಾನು ದಿನೇಶನಿಗೆ ತುಳುವಿನಲ್ಲಿ ಹೇಳಿದೆ. ಅವನು ಅದನ್ನು ಅನುವಾದ ಮಾಡಲಿಲ್ಲ.

ಆಮೇಲೆ ಮೋರಿ ವಿಮಲಳನ್ನು ಗೋಡೆಗೆ ಮುಖಮಾಡಿ ನಿಲ್ಲಲು ಹೇಳಿದರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಹಿಂದಿನಿಂದ ಒಂದೊಂದನ್ನೇ ಒತ್ತಿದರು. ಯಾವುದು ಎಂದು ನಾವು ಹೇಳಬೇಕು. ವಿಮಲ ಒಂದನ್ನೂ ತಪ್ಪಲಿಲ್ಲ. ಇದು ಇವರದ್ದು, ಇದು ಲಿವರಿನದ್ದು, ಇದು ಪುನಃ ಇವರದ್ದು ಎಂದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೇಳುತ್ತಾ ಹೋದಳು. ನನಗೆ ನನ್ನದೂ ಲಿವರಿನದ್ದೂ ಒಂದೇ ಥರ ಕೇಳಿತು, ಮೌನದ್ದು ಕೇಳಲೇ ಇಲ್ಲ.

ಜನ್ಮದಲ್ಲಿ ಕ್ಯಾಮರಾ ಮುಟ್ಟದ ಹೆಂಗಸು ಗೋಡೆ ನೋಡುತ್ತ ಕ್ಯಾಮರಾ ಗುರುತಿಸುತ್ತಾಳೆ ಎಂದರೆ ಯಾರು ನಂಬುತ್ತಾರೆ? ಗೋಡೆಯ ಮೇಲೆ ಚೌಕಟ್ಟು ಹಾಕಿದ ಫೋಟೊ ಒಂದಿತ್ತು, ಅದರ ಗಾಜಿನಲ್ಲಿ ಹಿಂದಿನದ್ದು ಕಾಣುತ್ತಿರಬೇಕು. ಇಲ್ಲವಾದರೆ ಇವಳು, ತಮ್ಮ, ಮೋರಿ ಮೂವರೂ ಮೊದಲೇ ಮಾತಾಡಿಕೊಂಡಿರಬೇಕು. ಆ ಪಿಸುಪಿಸು ಫೋನುಗಳ ಅರ್ಥ ಈಗ ತಿಳಿಯಿತು ಎಂದುಕೊಂಡೆ. ಹಳೆಯ ಕ್ಯಾಮರಾ ಮಾರಿಸಿ ಹೊಸದನ್ನು ಹೊರಿಸುವ ಹುನ್ನಾರ. ದಿನೇಶನಿಗೆ ಅದರಲ್ಲಿ ಏನೋ ಸಿಗುತ್ತಿರಬೇಕು.

ಏನನ್ನೂ ಕೊಳ್ಳದೆ ಹೊರಗೆ ಬಂದೆ. ಮೋರಿ ಬಾಗಿಲವರೆಗೂ ಬಂದು ಸೊಂಟ ಬಗ್ಗಿಸಿದರು. ನಾನು ಬಗ್ಗಲಿಲ್ಲ.

ರಸ್ತೆ ದಾಟುವಲ್ಲಿ

ಸಿಟ್ಟಿನಲ್ಲಿ ನಾನು ಮುಂದೆ ಮುಂದೆ ನಡೆದೆ. ದೊಡ್ಡ ರಸ್ತೆಯೊಂದರ ಅಂಚಿಗೆ ಬಂದು ನಿಂತು, ಕ್ಯಾಮರಾವನ್ನು ಚೀಲದೊಳಗೆ ಇಡಲು ತಲೆ ತಗ್ಗಿಸಿದ್ದೆ. ಪಕ್ಕದಲ್ಲಿ ಬಿಳಿ ಕೋಲು ಹಿಡಿದ ಕಣ್ಣು ಕಾಣದ ಮನುಷ್ಯನೊಬ್ಬ ನಿಂತಿದ್ದ. ಅವನು ಇದ್ದಕ್ಕಿದ್ದ ಹಾಗೆ ರಸ್ತೆಗೆ ಇಳಿದ.

ಹಿಡಿದೆಳೆಯಲು ಕೈ ಚಾಚಿದೆ. ನೋಡಿದರೆ ಬಂಡಿಗಳೆಲ್ಲ ನಿಂತಿವೆ, ಎದುರಿನ ದೀಪ ಹಸಿರಾಗಿದೆ. ಅವನು ನೆಟ್ಟಗೆ ಆಚೆ ದಡಕ್ಕೆ ನಡೆದು ಹೋದ. ಕಣ್ಣಿದ್ದ ನಾನು ಈಚೆ ನಿಂತಿದ್ದೆ.

ಇವನಿಗೆ ಹೇಗೆ ಗೊತ್ತಾಯಿತು ಎಂದು ಹಿಂದಿನಿಂದ ಬಂದ ದಿನೇಶನನ್ನು ಕೇಳಿದೆ.

"ಹಕ್ಕಿಯ ಶಬ್ದ ಬರ್ತದಲ್ಲ ಭಾವ," ಎಂದ ಅವನು. "ದೀಪ ಹಸಿರಾದ ಕೂಡ್ಲೆ ಕಂಬದಿಂದ ಚಿಂವ್ ಚಿಂವ್ ಅಂತದೆ. ಕಣ್ಣು ಕಾಣದವರಿಗೆ ಅಂತ ಇಟ್ಟದ್ದು. ಈಗ್ಲೂ ಬರ್ತಾ ಉಂಟಲ್ಲ."

ನಾನು ಕಿವಿಗೊಟ್ಟೆ. ಬಸ್ಸಿನ ಗುಡುಗುಡು ಕೇಳುತ್ತಿತ್ತು. ಎಲ್ಲೋ ಲಾರಿಯ ಇಂಜಿನ್ ಗುರುಗುಟ್ಟುತ್ತಿತ್ತು. ಯಾರದೋ ಚಪ್ಪಲಿಯ ಸದ್ದು. ಹಕ್ಕಿ ಇರಲಿಲ್ಲ.

ಮತ್ತೆ ಕೆಂಪು ಬಿತ್ತು, ಮತ್ತೆ ಹಸಿರಾಯಿತು. ಈ ಸಲ ನಾನು ದೀಪದ ಕಡೆ ನೋಡದೆ ಕಣ್ಣು ಮುಚ್ಚಿ ನಿಂತೆ. ಏನೂ ಕೇಳಲಿಲ್ಲ. ನನ್ನ ಮೊಣಕೈಯನ್ನು ಯಾರೋ ಹಿಡಿದರು, ವಿಮಲ. ಕಣ್ಣು ಬಿಟ್ಟರೆ ಹಸಿರು. ನಿನ್ನೆಯಿಂದ ಪ್ರತಿ ರಸ್ತೆಯಲ್ಲೂ ಅವಳು ಹೀಗೆಯೇ ಹಿಡಿಯುತ್ತಿದ್ದಳು. ಹೆದರಿಕೆಯಿಂದಲ್ಲ.

ಅಲ್ಲಿಯೇ ನಿಂತು ಕ್ಯಾಮರಾ ಹೊರಗೆ ತೆಗೆದೆ. ಇಷ್ಟು ವರ್ಷ ಅದರ ಶಬ್ದವನ್ನು ಕಿವಿಯಿಂದ ಅಳೆದಿದ್ದೆ, ಈಗ ಎರಡೂ ಅಂಗೈಯಿಂದ ಬಿಗಿಯಾಗಿ ಹಿಡಿದು ಒತ್ತಿದೆ. ಚಪ್. ಅದರ ಬೆನ್ನಿಗೆ ಅಂಗೈಯೊಳಗೆ ಸಣ್ಣ ನಡುಕ, ದುಂಬಿಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಕಿವಿಗೆ ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೆ ಆ ನಡುಕ. ಮೋಟರ್ ಸವೆದಿರಲಿಲ್ಲ. ಫಾದರ್ ಸುಳ್ಳು ಹೇಳಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮಂಗಳೂರಿನ ನೆಲ ಡೊಂಕು ಎಂದು ಹೇಳಿದ್ದು ಸಾಲದೆ ಜಪಾನಿನ ನೆಲವನ್ನೂ ಅಳೆಯಲು ಬಂದಿದ್ದೆ.

ಉದ್ಯಾನದ ಬೆಂಚು

ಹತ್ತಿರದಲ್ಲಿ ಒಂದು ಉದ್ಯಾನವಿತ್ತು. ದಿನೇಶ ಗಾಜಿನ ಪೆಟ್ಟಿಗೆಯಂಥ ಯಂತ್ರದಿಂದ ಬಿಸಿ ಕಾಫಿಯ ಡಬ್ಬಿಗಳನ್ನು ತಂದುಕೊಟ್ಟು, ಹೋಟೆಲಿಗೆ ಹೊತ್ತಾಯಿತು ಎಂದು ಹೇಳಿ ಹೋದ. ಹೊತ್ತಾಗಿರಲಿಲ್ಲ, ನಮ್ಮನ್ನು ಬಿಟ್ಟು ಹೋಗಬೇಕೆಂದು ಅವನಿಗೆ ಅನಿಸಿರಬೇಕು.

ನನಗೆ ಬಹಳ ಹೆದರಿಕೆಯಾಯಿತು. ಅದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಕಣ್ಣು ಹೋದರೆ ಫೋಟೊಗ್ರಾಫರನ ಕೆಲಸ ಹೋಯಿತು ಎಂದು ಎಲ್ಲರಿಗೂ ಗೊತ್ತು. ಕಿವಿ ಹೋದರೆ ಏನು ಹೋಗುತ್ತದೆ ಎಂದು ಆ ಕಂಬದ ಪಕ್ಕ ನಿಂತವನಿಗೆ ಮಾತ್ರ ಗೊತ್ತು. ಗಂಟೆಯವರು ಗಂಟೆಯನ್ನು ಸರಿಯಾಗಿಯೇ ಬಾರಿಸುತ್ತಿದ್ದರು. ನಾನು ಅದನ್ನು ಕೇಳದೆ, ಅದು ನಿಂತ ಮೇಲೆ, ಇಡೀ ಚರ್ಚು ತಲೆ ತಗ್ಗಿಸಿ ಕೂತ ಮೌನದಲ್ಲಿ ಶಟರ್ ಒತ್ತುತ್ತಿದ್ದೆ. ಅದರ ಮೇಲೆ ಮೋಟರಿನ ಕೀಂಯ್ ಬೇರೆ. ಎಷ್ಟು ಮದುವೆಗಳಲ್ಲಿ ಹೀಗಾಗಿತ್ತೋ, ಎಷ್ಟು ಜನ ಸಹಿಸಿಕೊಂಡಿದ್ದರೋ.

ನಿನಗೆ ಮೊದಲೇ ಗೊತ್ತಿತ್ತಾ ಎಂದು ವಿಮಲಳನ್ನು ಕೇಳಿದೆ.

ಗೊತ್ತಿತ್ತು ಎಂದಳು. ಬೆಳಿಗ್ಗೆ ಕುಕ್ಕರ್ ಕೂಗಿದರೂ ನಾನು ಅದರ ಪಕ್ಕದಲ್ಲೇ ನಿಂತು ಗ್ಯಾಸ್ ಆರಿಸದೆ ಪೇಪರ್ ಓದುತ್ತಿದ್ದೆನಂತೆ. ಟಿವಿ ಕೂಗುವುದು ಪಕ್ಕದ ಮನೆಯವರಿಗೂ ಕೇಳುತ್ತಿತ್ತಂತೆ. ಅವಳು ತಮ್ಮನ ಜೊತೆ ಪಿಸುಗುಟ್ಟುತ್ತಿದ್ದದ್ದು ಇದನ್ನೇ. ಅಸಲಿಗೆ ಪಿಸುಗುಟ್ಟುತ್ತಿರಲೂ ಇಲ್ಲವಂತೆ, ಯಾವಾಗಿನ ಹಾಗೇ ಮಾತಾಡುತ್ತಿದ್ದಳಂತೆ. ಊರಿನಲ್ಲಿ ಯಾರು ಹೇಳಿದರೂ ನಾನು ಅವರ ಮೇಲೆಯೇ ಸಂಶಯಪಡುತ್ತೇನೆ, ದೂರದ ಊರಿನಲ್ಲಿ ಗುರುತಿಲ್ಲದವರ ಎದುರಿಗಾದರೂ ತಿಳಿಯಲಿ ಎಂದು ಒಂದೇ ಮಾತಿಗೆ ಹೊರಟದ್ದು.

ಹಾಗಾದರೆ ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದೆ. ನನ್ನ ದನಿಯಲ್ಲಿ ಇನ್ನೂ ಸ್ವಲ್ಪ ಸಿಟ್ಟು ಉಳಿದಿತ್ತು.

"ಹೇಳಿದ್ದೆ," ಎಂದಳು ವಿಮಲ. "ಅಡುಗೆಮನೆಯಿಂದ ಒಮ್ಮೆ ಹೇಳಿದ್ದೆ. ಸ್ಕೂಟರಲ್ಲಿ ಹಿಂದೆ ಕೂತು ಇನ್ನೊಮ್ಮೆ ಹೇಳಿದ್ದೆ. ನಿಮಗೆ ಕೇಳಲಿಲ್ಲ. ಮತ್ತೆ ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಬರಲಿಲ್ಲ."

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕಾಫಿಯ ಡಬ್ಬಿ ಖಾಲಿಯಾದರೂ ಕುಡಿಯುವ ಹಾಗೆ ಮಾಡಿದೆ. ಮರದಲ್ಲಿ ಹಕ್ಕಿಗಳು ಇದ್ದವು, ಬಾಯಿ ತೆರೆದು ಮುಚ್ಚುತ್ತಿದ್ದವು. ಅವು ಕೂಗುತ್ತಿವೆಯಾ ಎಂದು ಕೇಳಿದೆ. ಕೂಗುತ್ತಿವೆ, ಬಹಳ ಜೋರು ಎಂದಳು.

ಪುನಃ ಮೋರಿಯ ಅಂಗಡಿ

ಹೊರಡುವ ಮುನ್ನಾದಿನ ಅಂಗಡಿಗೆ ಮತ್ತೆ ಹೋದೆವು. ಮೋರಿ ಏನೂ ಆಗಲೇ ಇಲ್ಲ ಎನ್ನುವ ಹಾಗೆ ಬಗ್ಗಿದರು. ಈ ಸಲ ನಾನೂ ಬಗ್ಗಿದೆ. ಸೊಂಟ ಹಿಡಿದುಕೊಂಡಿತು ಎಂಬುದು ಬೇರೆ ಮಾತು.

ನನ್ನ ಕಿವಿಯ ವಿಷಯ ಕೇಳಿ ಅವರು ಪೂರ್ತಿ ಮೌನದ ಹೊಸ ಕ್ಯಾಮರಾವನ್ನೇ ಮುಂದಿಟ್ಟರು. ಅಂಗಡಿಯ ದೀಪದ ಕೆಳಗೆ ಅದರಲ್ಲಿ ಒಂದು ಫೋಟೊ ತೆಗೆದೆ. ಬಿಳಿಯ ಗೋಡೆಯ ಮೇಲೆ ಪಟ್ಟೆ ಪಟ್ಟೆ ಬಂತು. ಶಟರ್ ಇಲ್ಲದ ಕ್ಯಾಮರಾಗಳಿಗೆ ಕೆಲವು ದೀಪಗಳ ಕೆಳಗೆ ಈ ಕಾಯಿಲೆ ಇರುತ್ತದೆ. ನಮ್ಮ ಚರ್ಚಿನ ಪೀಠದ ಮೇಲೆ ಯಾರ್ಯಾರೋ ದಾನ ಕೊಟ್ಟ ನಾನಾ ಥರದ ದೀಪಗಳಿವೆ. ಜೆನಿಟಾಳ ಬಿಳಿಯ ಸೀರೆಯ ಮೇಲೆ ಹುಲಿವೇಷದ ಪಟ್ಟೆ ಬಂದರೆ ಲಾರೆನ್ಸ್ ಸುಮ್ಮನಿರುತ್ತಾನೆಯೇ?

ಲಿವರಿನ ಕ್ಯಾಮರಾ ಕೈಗೆತ್ತಿಕೊಂಡೆ. ಎಳೆದೆ. ಹಲ್ಲಿನ ಚಕ್ರ ತಿರುಗಿ, ಕೊನೆಯಲ್ಲಿ ಒಂದು ಕಡೆ ಗಟ್ಟಿಯಾಗಿ ನಿಂತಿತು. ಒತ್ತಿದೆ, ಬಿಟ್ಟುಕೊಂಡಿತು. ಮತ್ತೆ ಎಳೆದರೆ ಮತ್ತೆ ಆ ಬಿಗಿ. ಶಟರ್ ಸಜ್ಜಾಗಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿ ಬೇಕಾಗಿರಲಿಲ್ಲ, ಹೆಬ್ಬೆರಳಿಗೇ ಗೊತ್ತಾಗುತ್ತಿತ್ತು. ಇದನ್ನು ಮಾಡಿದವರು ಹಳೆಯದರ ಮೋಹಕ್ಕೆ ಲಿವರ್ ಇಟ್ಟರೋ, ನನ್ನಂಥ ಕಿವುಡನೊಬ್ಬ ಬರುತ್ತಾನೆಂದು ಇಟ್ಟರೋ ನಾನು ಕೇಳಲಿಲ್ಲ. ಮೋಟರಿನ ಕೀಂಯ್ ಇಲ್ಲವಾ ಎಂದು ಮಾತ್ರ ವಿಮಲಳನ್ನು ಕೇಳಿದೆ. ಅವಳು ಗೋಡೆಗೆ ಮುಖ ಮಾಡಿ ನಿಂತು ಪರೀಕ್ಷೆ ಮಾಡಿ, ಇಲ್ಲ, ಬರೀ ಕಟ್ ಅಂತದೆ ಎಂದಳು.

ಅದನ್ನೇ ಕೊಂಡೆ. ಆ 'ಕಟ್' ಮಾತ್ರ ಉಳಿದೇ ಇತ್ತು. ಅದನ್ನು ಎಲ್ಲಿ ಬಚ್ಚಿಡುವುದು ಎಂಬ ಚಿಂತೆ ಹೊತ್ತು ವಿಮಾನ ಹತ್ತಿದೆ.

ಮನೆಗೆ ಬಂದ ಮೇಲೆ

ಕಿವಿಯ ಡಾಕ್ಟರು ಮೊದಲು ಕೇಳಿದ್ದೇ ನನ್ನ ಕೆಲಸವನ್ನು. ಹೇಳಿದೆ. ಮದುವೆ ದಿಬ್ಬಣದ ಬ್ಯಾಂಡಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ನಾಸಿಕ್ ಡೋಲಿನ ಬುಡದಲ್ಲಿ ಮಂಡಿಯೂರಿ, ಗರ್ನಾಲ್ ಸಿಡಿಯುವಾಗ ಎಲ್ಲರೂ ಕಿವಿ ಮುಚ್ಚಿ ಓಡಿದರೆ ಎರಡೂ ಕೈಯಲ್ಲಿ ಕ್ಯಾಮರಾ ಹಿಡಿದು ಅಲ್ಲೇ ನಿಂತು ಆಯುಷ್ಯ ಕಳೆದಿದ್ದೇನೆ. ಸಣ್ಣ ತೆಳ್ಳನೆಯ ಶಬ್ದಗಳು ಹೋಗಿವೆ, ದಪ್ಪ ಶಬ್ದಗಳು ಇವೆ, ಹೋದದ್ದು ಹಿಂದೆ ಬರುವುದಿಲ್ಲ ಎಂದರು. ಕಿವಿಗೆ ಯಂತ್ರ ಕೊಟ್ಟರು. ಹಾಕಿಕೊಂಡು ಕ್ಯಾಮರಾವನ್ನು ಕೆನ್ನೆಗೆ ಒತ್ತಿ ಹಿಡಿದರೆ ಯಂತ್ರವೇ ಸಿಳ್ಳೆ ಹೊಡೆಯುತ್ತದೆ ಎಂದು ವಿಮಲ ಹೇಳಿದಳು. ಆ ಸಿಳ್ಳೆಯೂ ನನಗೆ ಕೇಳಲಿಲ್ಲ. ಕ್ಯಾಮರಾದ ದೂರು ಸಾಲದೆಂದು ಕಿವಿಯ ದೂರನ್ನೂ ಫಾದರ್ ಹತ್ತಿರ ಒಯ್ಯುವುದೇ? ಮದುವೆಯ ದಿನಕ್ಕೆ ಅದು ಡಬ್ಬಿಯಲ್ಲೇ ಇರಲಿ ಎಂದೆ.

ಕೂಳೂರಿಗೆ ಹೋಗಿ ಲಾರೆನ್ಸನ ಮುಂದೆ ಕೂತು ಎಲ್ಲ ಹೇಳಿದೆ. ಬೇರೆಯವರನ್ನು ಕರೆಯುವುದಾದರೆ ಕರೆ, ನನಗೆ ಬೇಸರವಿಲ್ಲ ಎಂದೂ ಹೇಳಿದೆ. ಅದು ಸುಳ್ಳು. ಬೇಸರವಿತ್ತು, ಎದೆ ಹಿಂಡುವಷ್ಟು ಇತ್ತು.

"ನನಗೆ ಗೊತ್ತುಂಟು ಮಾರಾಯ," ಎಂದ ಲಾರೆನ್ಸ್. "ಫೋನಲ್ಲಿ ನಾನು ಒಂದು ಹೇಳಿದ್ರೆ ನೀನು ಇನ್ನೊಂದಕ್ಕೆ ಹೂಂ ಅಂತ ಇದ್ದೆ. ಅದಕ್ಕೇ ಅಲ್ವಾ ನಾನು ಸ್ಕೂಟರಲ್ಲಿ ಬರುವುದು." ಆಮೇಲೆ ಜೋರಾಗಿ, ನನಗೆ ಕೇಳುವ ಹಾಗೆ ಹೇಳಿದ, "ಜೆನಿಟಾ ಬೇರೆ ಯಾರೂ ಬೇಡ ಅಂತಾಳೆ. ಕಂಬದ ಹತ್ತಿರ ನೀನೇ ನಿಲ್ಲಬೇಕು. ಫಾದರ್‌ಗೆ ನಾನು ಹೇಳ್ತೇನೆ, ಈ ಒಂದು ಸಲ ನೋಡಿ ಅಂತ."

ಈ ಒಂದು ಸಲ. ಆ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ.

ಕಂಬದ ಪಕ್ಕ

ಮದುವೆಯ ದಿನ ವಿಮಲ ಚರ್ಚಿನಲ್ಲಿ ಹೆಂಗಸರ ಸಾಲಿನಲ್ಲಿ ಕೂರಲಿಲ್ಲ. ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕಂಬದ ಪಕ್ಕ, ನನ್ನ ಹಿಂದೆ ನಿಂತಳು. ರೇಷ್ಮೆ ಸೀರೆ ಉಟ್ಟ ಅಸಿಸ್ಟೆಂಟನ್ನು ನೋಡಿ ಕೆಲವರು ತಮ್ಮತಮ್ಮಲ್ಲಿ ಏನೋ ಅಂದುಕೊಂಡರು. ಏನು ಅಂದರೋ ನನಗೆ ಕೇಳಲಿಲ್ಲ, ಅದೊಂದು ಅನುಕೂಲ.

ಫಾದರ್ ಒಮ್ಮೆ ಕಂಬದ ಕಡೆ ನೋಡಿದರು. ಹಾಡು ನಿಂತಿತು. ಎಲ್ಲರೂ ಮೊಣಕಾಲೂರಿದರು. ಜೆನಿಟಾಳ ಬಗ್ಗಿದ ತಲೆ, ಅವಳ ಮೇಲ್ಗಡೆ ಫಾದರ್ ಅವರ ಎತ್ತಿದ ಕೈಗಳು, ಕಿಟಕಿಯಲ್ಲಿ ಎರಡು ಬಿಂಬಗಳು ಹತ್ತಿರ ಹತ್ತಿರ ಬಂದು ಒಂದಾದವು. ಹೆಬ್ಬೆರಳಿಗೆ ಲಿವರಿನ ಬಿಗಿ ಸಿಕ್ಕಿತ್ತು. ನನ್ನ ಸುತ್ತ ಹತ್ತಿ ತುಂಬಿದ ಹಾಗೆ ಮೌನ. ಗಂಟೆ ಬಾರಿಸಿದರೋ, ಬಾರಿಸಿ ಆಯಿತೋ, ಇನ್ನೂ ಇಲ್ಲವೋ.

ವಿಮಲ ಮೊಣಕೈ ಹಿಡಿದಳು. ಒತ್ತಿದೆ.

ಪಾತ್ರೆ ಎತ್ತುವಾಗ ಇನ್ನೊಮ್ಮೆ ಹಿಡಿದಳು. ಇನ್ನೊಮ್ಮೆ ಒತ್ತಿದೆ.

ಪೂಜೆ ಮುಗಿದು ಮದುಮಕ್ಕಳು ಹೊರಗೆ ಬಂದ ಮೇಲೆ ಫಾದರ್ ನೇರವಾಗಿ ನಮ್ಮ ಹತ್ತಿರ ಬಂದರು. ಮುಖದಲ್ಲಿ ನಗು ಇರಲಿಲ್ಲ. ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಸುತ್ತ ಜನ, ನನಗೆ ಒಂದಕ್ಷರವೂ ಹಿಡಿಯಲಿಲ್ಲ. ಆಯಿತು, ಇವತ್ತೂ ಸದ್ದಾಗಿದೆ, ಇನ್ನು ಈ ಕಂಬದ ಋಣ ತೀರಿತು ಎಂದುಕೊಂಡು ವಿಮಲಳ ಮುಖ ನೋಡಿದೆ.

ಅವಳು ನನ್ನ ಕಿವಿಯ ಹತ್ತಿರ ಬಂದು ಬಿಡಿಸಿ ಬಿಡಿಸಿ ಹೇಳಿದಳು: "ನೀವು ಇವತ್ತು ಆ ಫೋಟೊ ತೆಗೆಯಲೇ ಇಲ್ವಾ ಅಂತ ಫಾದರ್ ಕೇಳ್ತಾ ಇದ್ದಾರೆ."

ನಾನು ಮಡಚಿಟ್ಟಿದ್ದ ಪರದೆಯನ್ನು ಬಿಡಿಸಿ ಅವರ ಮುಂದೆ ಹಿಡಿದೆ.